ಹತ್ತು ದಿನದ ಯುರೋಪ್ ಪ್ರವಾಸ: ಷೆಂಗೆನ್ ವೀಸಾದ ಕಾಗದಪತ್ರಗಳು ಮತ್ತು ಪ್ರಯಾಣ ವಿಮೆ

(ಪರದೆಯ ಮೇಲೆ: ಯುರೋಪಿನ ನಕ್ಷೆ, ಷೆಂಗೆನ್ ದೇಶಗಳು ಒಂದೇ ಬಣ್ಣದಲ್ಲಿ)

ನಮಸ್ಕಾರ. ಬೇಸಿಗೆ ರಜೆಯಲ್ಲಿ ಹತ್ತು ಹನ್ನೆರಡು ದಿನ ಯುರೋಪ್ ಸುತ್ತಿಬರಲು ಭಾರತೀಯ ಪಾಸ್‌ಪೋರ್ಟ್ ಹೊಂದಿದವರಿಗೆ ಬೇಕಾಗುವುದು ಷೆಂಗೆನ್ ಅಲ್ಪಾವಧಿ ವೀಸಾ. ಷೆಂಗೆನ್ ಎಂದರೆ ಒಂದೇ ವೀಸಾದಲ್ಲಿ ಸುತ್ತಬಹುದಾದ ಯುರೋಪಿನ ದೇಶಗಳ ವಲಯ. 2025ರ ಜನವರಿ 1ರಂದು ಬಲ್ಗೇರಿಯಾ ಮತ್ತು ರೊಮೇನಿಯಾ ಪೂರ್ಣವಾಗಿ ಸೇರಿದ ಮೇಲೆ ಈ ವಲಯದಲ್ಲಿ 29 ದೇಶಗಳಿವೆ. ಸ್ವಿಟ್ಜರ್ಲೆಂಡ್ ಮತ್ತು ನಾರ್ವೆ ಐರೋಪ್ಯ ಒಕ್ಕೂಟದ ಸದಸ್ಯರಲ್ಲದಿದ್ದರೂ ಇದರೊಳಗಿವೆ. ಐರ್ಲೆಂಡ್ ಸದಸ್ಯ ದೇಶವಾಗಿದ್ದೂ ಹೊರಗಿದೆ. ಬ್ರಿಟನ್ನಿಗೆ ಬೇರೆಯದೇ ವೀಸಾ ಬೇಕು.

ಅರ್ಜಿಯನ್ನು ಯಾವ ದೇಶಕ್ಕೆ ಹಾಕಬೇಕು ಎನ್ನುವುದು ಮೊದಲ ಪ್ರಶ್ನೆ. ಪ್ಯಾರಿಸ್‌ನಲ್ಲಿ ನಾಲ್ಕು ರಾತ್ರಿ, ಸ್ವಿಟ್ಜರ್ಲೆಂಡಿನ ಇಂಟರ್‌ಲಾಕೆನ್‌ನಲ್ಲಿ ಮೂರು ರಾತ್ರಿ, ರೋಮ್‌ನಲ್ಲಿ ಮೂರು ರಾತ್ರಿ ಎಂದು ಯೋಜನೆ ಇದ್ದರೆ, ಹೆಚ್ಚು ದಿನ ಉಳಿಯುವುದು ಫ್ರಾನ್ಸಿನಲ್ಲಾದ್ದರಿಂದ ಅರ್ಜಿ ಫ್ರಾನ್ಸಿಗೇ ಹೋಗಬೇಕು. ಎಲ್ಲ ಕಡೆಯೂ ಸಮಾನ ದಿನಗಳಿದ್ದರೆ ಮೊದಲು ಕಾಲಿಡುವ ದೇಶ ಲೆಕ್ಕಕ್ಕೆ ಬರುತ್ತದೆ. ಅಪಾಯಿಂಟ್‌ಮೆಂಟ್ ಬೇಗ ಸಿಗುತ್ತದೆಂದು ಇನ್ನಾವುದೋ ದೇಶದ ವೀಸಾ ಪಡೆದು ಆ ಕಡೆ ತಲೆಯನ್ನೂ ಹಾಕದೆ ಬರುವ ಅಭ್ಯಾಸವಿದೆ. ಅದನ್ನು ನಾನಂತೂ ಯಾರಿಗೂ ಸಲಹೆ ಮಾಡುವುದಿಲ್ಲ, ಗಡಿಯಲ್ಲಿ ಹೋಟೆಲ್ ಬುಕಿಂಗ್ ತೋರಿಸಿ ಎಂದರೆ ಉತ್ತರ ಕೊಡುವುದು ಕಷ್ಟ.

ಪ್ರಯಾಣಕ್ಕೆ ಆರು ತಿಂಗಳು ಮೊದಲಿನಿಂದ ಅರ್ಜಿ ಸಲ್ಲಿಸಬಹುದು, ಕೊನೆಯ ಗಡುವು 15 ದಿನ ಮೊದಲು. ತೀರ್ಮಾನಕ್ಕೆ ಸಾಮಾನ್ಯವಾಗಿ 15 ದಿನ ಹಿಡಿಯುತ್ತದೆ, ಕೆಲವೊಮ್ಮೆ 45 ದಿನಗಳವರೆಗೂ ಎಳೆಯಬಹುದು. 2024ರ ಜೂನ್ 11ರಿಂದ ವಯಸ್ಕರಿಗೆ ಶುಲ್ಕ 90 ಯೂರೋ, ಆರರಿಂದ ಹನ್ನೆರಡು ವರ್ಷದೊಳಗಿನ ಮಕ್ಕಳಿಗೆ 45 ಯೂರೋ. ಅರ್ಜಿ ಕೇಂದ್ರದ ಸೇವಾ ಶುಲ್ಕ ಪ್ರತ್ಯೇಕ. ಕೇಂದ್ರದವರು ಕಾಗದ ಮತ್ತು ಬೆರಳಚ್ಚು ಪಡೆಯುತ್ತಾರೆ ಅಷ್ಟೆ, ನಿರ್ಧಾರ ಆಯಾ ದೇಶದ ದೂತಾವಾಸದ್ದು.

(ಪರದೆಯ ಮೇಲೆ: ಪಾಸ್‌ಪೋರ್ಟ್ ಮಾದರಿ, ಹೆಸರಿನ ಸಾಲು ದೊಡ್ಡದಾಗಿ)

ಪಾಸ್‌ಪೋರ್ಟ್ ಕಳೆದ ಹತ್ತು ವರ್ಷಗಳೊಳಗೆ ನೀಡಿದ್ದಾಗಿರಬೇಕು, ಷೆಂಗೆನ್ ಬಿಟ್ಟು ಹೊರಡುವ ದಿನದಿಂದ ಕನಿಷ್ಠ ಮೂರು ತಿಂಗಳು ಚಾಲ್ತಿಯಲ್ಲಿರಬೇಕು ಮತ್ತು ಎರಡು ಪುಟ ಖಾಲಿ ಇರಬೇಕು. ನಮ್ಮ ಕಡೆಯವರು ವಿಶೇಷವಾಗಿ ಗಮನಿಸಬೇಕಾದದ್ದು ಹೆಸರನ್ನು. ಇನಿಷಿಯಲ್ ಬಳಸುವ ನಮ್ಮಲ್ಲಿ ಊರಿನ ಹೆಸರು, ತಂದೆಯ ಹೆಸರು ಪಾಸ್‌ಪೋರ್ಟಿನಲ್ಲಿ ಬಿಡಿಸಿ ಬರೆದಿರುತ್ತದೆ, ಇಲ್ಲವೇ ಸರ್‌ನೇಮ್ ಜಾಗವೇ ಖಾಲಿ ಇರುತ್ತದೆ. ಬ್ಯಾಂಕಿನಲ್ಲಿ ಅದೇ ವ್ಯಕ್ತಿ ಎರಡು ಇನಿಷಿಯಲ್ ಮತ್ತು ಒಂದು ಹೆಸರು. ವಿಮಾನದ ಟಿಕೆಟ್, ಹೋಟೆಲ್ ಬುಕಿಂಗ್ ಮತ್ತು ವಿಮೆ ಈ ಮೂರೂ ಪಾಸ್‌ಪೋರ್ಟಿನಲ್ಲಿರುವಂತೆಯೇ ಇರಲಿ. ಬ್ಯಾಂಕಿನ ಹೆಸರು ಬೇರೆಯಾಗಿದ್ದರೆ ಕವರಿಂಗ್ ಲೆಟರ್‌ನಲ್ಲಿ ಅದನ್ನು ಒಂದು ಸಾಲಿನಲ್ಲಿ ವಿವರಿಸಿ. ಒಂದು ಕಾಗದ ಹೇಳಿದ್ದನ್ನು ಇನ್ನೊಂದು ಕಾಗದ ಅಲ್ಲಗಳೆಯಬಾರದು. ಅರ್ಜಿಯನ್ನು ಪರಿಶೀಲಿಸುವವರು ನಿಮ್ಮನ್ನು ನೋಡಿರುವುದಿಲ್ಲ, ನಿಮ್ಮ ಕಾಗದಗಳನ್ನು ಮಾತ್ರ ನೋಡುತ್ತಾರೆ.

ಆದಾಯದ ದಾಖಲೆಗಳು ನಿಮಗೆ ಪರಿಚಿತವೇ: ಬ್ಯಾಂಕ್ ಸ್ಟೇಟ್‌ಮೆಂಟ್, ಐಟಿ ರಿಟರ್ನ್, ಸಂಬಳದ ಸ್ಲಿಪ್, ಕಚೇರಿಯ ರಜೆ ಮಂಜೂರಾತಿ ಪತ್ರ. ಅರ್ಜಿಗೆ ಮುನ್ನ ಖಾತೆಗೆ ಏಕಾಏಕಿ ದೊಡ್ಡ ಮೊತ್ತ ಹಾಕಿಸಿಕೊಂಡರೆ ಅನುಮಾನಕ್ಕೆ ಎಡೆಯಾಗುತ್ತದೆಯೇ ಹೊರತು ಅನುಕೂಲವಾಗುವುದಿಲ್ಲ. ಕೃಷಿಕರು ಪಹಣಿ ಲಗತ್ತಿಸುವುದಾದರೆ ಜೊತೆಗೆ ಇಂಗ್ಲಿಷ್ ಅನುವಾದವನ್ನೂ ಇಡಬೇಕು.

(ಪರದೆಯ ಮೇಲೆ: ವಿಮಾ ಪ್ರಮಾಣಪತ್ರದ ಮಾದರಿ)

ಇನ್ನು ವಿಮೆ. ಷೆಂಗೆನ್ ವೀಸಾ ಸಂಹಿತೆಯ ಪ್ರಕಾರ ವಿಮೆಯ ಮೊತ್ತ ಕನಿಷ್ಠ 30,000 ಯೂರೋ ಇರಬೇಕು. ತುರ್ತು ಚಿಕಿತ್ಸೆ, ಆಸ್ಪತ್ರೆ ಖರ್ಚು, ಅನಾರೋಗ್ಯದ ಕಾರಣಕ್ಕೆ ಸ್ವದೇಶಕ್ಕೆ ಕರೆತರುವ ವೆಚ್ಚ ಮತ್ತು ಮರಣ ಸಂಭವಿಸಿದರೆ ಆಗುವ ವೆಚ್ಚ ಅದರಲ್ಲಿ ಸೇರಿರಬೇಕು. ಷೆಂಗೆನ್‌ನ ಎಲ್ಲ ದೇಶಗಳಿಗೂ, ಉಳಿಯುವ ಎಲ್ಲ ದಿನಗಳಿಗೂ ಅದು ಅನ್ವಯಿಸಬೇಕು. ನಮ್ಮ ಕಂಪನಿಗಳು ಮೊತ್ತವನ್ನು ಹೆಚ್ಚಾಗಿ ಡಾಲರ್‌ನಲ್ಲಿ ನಮೂದಿಸುವುದರಿಂದ, 30,000 ಡಾಲರ್ ಪಾಲಿಸಿ ತೆಗೆದುಕೊಂಡು ಸಾಕೆಂದುಕೊಳ್ಳಬೇಡಿ.

ದಿನಾಂಕಗಳನ್ನು ನಿಧಾನವಾಗಿ ನೋಡೋಣ. ಬೆಂಗಳೂರಿನಿಂದ ಮೇ 11ರ ನಸುಕಿನ ಮೂರು ಗಂಟೆಗೆ ವಿಮಾನವೆಂದುಕೊಳ್ಳಿ. ಮನೆ ಬಿಡುವುದು 10ರ ರಾತ್ರಿಯಾದರೂ ಟಿಕೆಟ್‌ನಲ್ಲಿರುವುದು 11. ಹಿಂದಿರುಗುವಾಗ 21ರ ರಾತ್ರಿ ರೋಮ್ ಬಿಟ್ಟು 22ರಂದು ಇಲ್ಲಿ ಇಳಿಯುತ್ತೀರಿ. ಬಂದ ದಿನ, ಹೊರಟ ದಿನ ಎರಡೂ ಲೆಕ್ಕಕ್ಕೆ ಸೇರುವುದರಿಂದ ನಿಮ್ಮ ವಾಸ್ತವ್ಯ ಹನ್ನೊಂದು ದಿನ, ಹತ್ತಲ್ಲ. ವಿಮೆಯನ್ನು ಮೇ 11ರಿಂದ 22ರವರೆಗೆ ತೆಗೆದುಕೊಳ್ಳುವುದು ಸರಿ. ವಿಮಾನ ರದ್ದಾದರೆ ಬೇಕಾಗಬಹುದೆಂದು ಇನ್ನೂ ಒಂದೆರಡು ದಿನ ಸೇರಿಸಿದರೆ ಆಗುವ ಹೆಚ್ಚುವರಿ ಖರ್ಚು ಅಲ್ಪ.

ವೀಸಾಕ್ಕೆ ಸಾಕಾಗುವ ವಿಮೆ ಪ್ರವಾಸಕ್ಕೆ ಸಾಕಾಗುತ್ತದೆಂದು ಹೇಳಲಾಗದು. ದೂತಾವಾಸ ನೋಡುವುದು ಮೊತ್ತ, ದಿನಾಂಕ ಮತ್ತು ವ್ಯಾಪ್ತಿಯನ್ನು. ಯಾವುದಕ್ಕೆ ಹಣ ಸಿಗುವುದಿಲ್ಲ ಎಂಬ ಪುಟಗಳನ್ನು ಓದಬೇಕಾದವರು ನೀವೇ. ಬಿಪಿ, ಶುಗರ್ ಇರುವ ತಂದೆ-ತಾಯಿಯನ್ನು ಕರೆದೊಯ್ಯುವವರು ಮೊದಲೇ ಇದ್ದ ಕಾಯಿಲೆಗಳ ಕಲಮನ್ನು ತಪ್ಪದೆ ನೋಡಬೇಕು: ಅನೇಕ ಪಾಲಿಸಿಗಳಲ್ಲಿ ಅವುಗಳಿಂದ ಬರುವ ತೊಂದರೆಗೆ ಪರಿಹಾರವೇ ಇರುವುದಿಲ್ಲ, ಇದ್ದರೂ ಪ್ರಾಣಾಪಾಯದ ಸಂದರ್ಭಕ್ಕೆ ಮಾತ್ರ ಸೀಮಿತ. ಪ್ರೀಮಿಯಂ ಕಡಿಮೆಯಾಗಲೆಂದು ಕಾಯಿಲೆಯನ್ನು ಮುಚ್ಚಿಟ್ಟರೆ ಕ್ಲೇಮು ತಿರಸ್ಕರಿಸಲು ಕಂಪನಿಗೆ ನೀವೇ ಕಾರಣ ಒದಗಿಸಿದಂತೆ. ಸ್ವಿಟ್ಜರ್ಲೆಂಡಿನ ಆಲ್ಪ್ಸ್ ಪರ್ವತಗಳಲ್ಲಿ 3,454 ಮೀಟರ್ ಎತ್ತರದಲ್ಲಿರುವ ಯುಂಗ್‌ಫ್ರಾವ್‌ಯೋಖ್‌ಗೆ ರೈಲಿನಲ್ಲಿ ಹೋಗಿಬರುವುದಕ್ಕೆ ಬೇರೆ ವಿಮೆಯ ಅಗತ್ಯವಿಲ್ಲ, ಆದರೆ ಇಂಟರ್‌ಲಾಕೆನ್‌ನಲ್ಲಿ ಪ್ಯಾರಾಗ್ಲೈಡಿಂಗ್ ಮಾಡುವ ಮನಸ್ಸಿದ್ದರೆ ಸಾಹಸ ಕ್ರೀಡೆಗಳ ರಕ್ಷಣೆಯನ್ನು ಹೆಚ್ಚುವರಿಯಾಗಿ ಕೊಳ್ಳಬೇಕಾಗಬಹುದು. ಆಸ್ಪತ್ರೆಗೆ ದಾಖಲಾಗುವ ಸಂದರ್ಭ ಬಂದರೆ ಪಾಲಿಸಿಯಲ್ಲಿರುವ ಸಹಾಯವಾಣಿಗೆ ಕೂಡಲೇ ಕರೆ ಮಾಡಿ. ಸಣ್ಣಪುಟ್ಟ ಚಿಕಿತ್ಸೆಗೆ ಸಾಮಾನ್ಯವಾಗಿ ನೀವೇ ಹಣ ಕೊಟ್ಟು, ಬಿಲ್ಲು ಮತ್ತು ವೈದ್ಯರ ವರದಿ ಇಟ್ಟುಕೊಂಡು, ಡಿಡಕ್ಟಿಬಲ್ (ಅಂದರೆ ನೀವೇ ಭರಿಸಬೇಕಾದ ನಿಗದಿತ ಮೊತ್ತ) ಕಳೆದು ಉಳಿದದ್ದನ್ನು ಆಮೇಲೆ ಪಡೆಯಬೇಕಾಗುತ್ತದೆ.

(ಪರದೆಯ ಮೇಲೆ: ವೀಸಾ ಸ್ಟಿಕರ್ ಮಾದರಿ, ದಿನಾಂಕ ಮತ್ತು ದಿನಗಳ ಸಂಖ್ಯೆಗೆ ಗುರುತು)

ವೀಸಾ ಕೈಗೆ ಬಂದ ಮೇಲೆ ಸ್ಟಿಕರ್ ಓದಿಕೊಳ್ಳಿ. ಮೇ 11ರಿಂದ ಜೂನ್ 5ರವರೆಗೆ ಚಾಲ್ತಿ ಎಂದಿದ್ದು, ಉಳಿಯುವ ಅವಧಿ 11 ದಿನ ಎಂದಿದ್ದರೆ, ಆ ಇಪ್ಪತ್ತಾರು ದಿನಗಳಲ್ಲಿ ಯಾವುದಾದರೂ ಹನ್ನೊಂದು ದಿನ ಉಳಿಯಬಹುದು ಎಂದರ್ಥ, ಜೂನ್ 5ರವರೆಗೂ ಇರಬಹುದು ಎಂದಲ್ಲ. ಒಂದೇ ಪ್ರವೇಶದ ವೀಸಾ ಇದ್ದವರು ಪ್ಯಾರಿಸ್‌ನಿಂದ ಲಂಡನ್‌ಗೆ ಹೋದರೆ ಮತ್ತೆ ಆಮ್‌ಸ್ಟರ್‌ಡ್ಯಾಮ್‌ಗೆ ಬರಲಾಗದು. 2025ರ ಅಕ್ಟೋಬರ್ 12ರಿಂದ ಗಡಿಗಳಲ್ಲಿ ಪ್ರವೇಶ ಮತ್ತು ನಿರ್ಗಮನವನ್ನು ಗಣಕೀಕೃತವಾಗಿ ದಾಖಲಿಸುವ ವ್ಯವಸ್ಥೆ ಹಂತಹಂತವಾಗಿ ಜಾರಿಗೆ ಬಂದಿದೆ, ಒಂದು ದಿನ ಹೆಚ್ಚು ಉಳಿದರೂ ಅದರ ಲೆಕ್ಕ ಅಲ್ಲಿರುತ್ತದೆ.

ವೀಸಾ ಇದ್ದ ಮಾತ್ರಕ್ಕೆ ಪ್ರವೇಶ ಖಚಿತವಲ್ಲ. ಹಿಂದಿರುಗುವ ಟಿಕೆಟ್, ಹೋಟೆಲ್ ಬುಕಿಂಗ್, ವಿಮೆ ಮತ್ತು ಖರ್ಚಿನ ಹಣದ ಪುರಾವೆಯನ್ನು ಅಧಿಕಾರಿ ಕೇಳಬಹುದು. ಅವುಗಳ ಪ್ರತಿ ಕೈಚೀಲದಲ್ಲಿರಲಿ, ಚೆಕ್-ಇನ್ ಮಾಡಿದ ಸೂಟ್‌ಕೇಸಿನಲ್ಲಲ್ಲ. ಬಹುಪ್ರವೇಶ ವೀಸಾ ಸಿಕ್ಕವರು ಅರ್ಜಿಯ ಹೊತ್ತಿಗೆ ತೋರಿಸುವುದು ಮೊದಲ ಪ್ರವಾಸದ ವಿಮೆಯನ್ನು ಮಾತ್ರ. ಮುಂದಿನ ಪ್ರತಿ ಪ್ರವಾಸಕ್ಕೂ ವಿಮೆ ಮಾಡಿಸುವ ಹೊಣೆ ತಮ್ಮದೆಂದು ಅದೇ ಅರ್ಜಿಯಲ್ಲಿ ಅವರು ಸಹಿ ಹಾಕಿರುತ್ತಾರೆ.