ಸೌರ ಬಿರುಗಾಳಿಗೂ ನಿಮ್ಮ ತಲೆನೋವಿಗೂ ಏನು ಸಂಬಂಧ?

"ಇವತ್ತು ರಾತ್ರಿ 12.30ರಿಂದ 3.30ರವರೆಗೆ ಮೊಬೈಲ್ ಆಫ್ ಮಾಡಿ ದೂರ ಇಡಿ, ಕಾಸ್ಮಿಕ್ ಕಿರಣಗಳು ಭೂಮಿಯ ಹತ್ತಿರ ಹಾದುಹೋಗ್ತವೆ." ಈ ಮೆಸೇಜು ನಿಮಗೂ ಬಂದಿರುತ್ತೆ. ಎಷ್ಟೋ ವರ್ಷಗಳಿಂದ ಓಡಾಡ್ತಿದೆ, ಟೈಮ್ ಮಾತ್ರ ಬದಲಾಗಿಲ್ಲ. ಕಿರಣಗಳಿಗೆ ಎಂಥಾ ಶಿಸ್ತು ನೋಡಿ!

ಕೈ ಚಾಚಿ. ನಾನು ಮಾತಾಡ್ತಿರುವಾಗಲೇ ನಿಮ್ಮ ಅಂಗೈಯನ್ನು ಸೆಕೆಂಡಿಗೆ ಸುಮಾರು ಒಂದು ಮ್ಯೂಆನ್ ಕಣ ತೂರಿಕೊಂಡು ಹೋಗ್ತಿದೆ. ಕಾಸ್ಮಿಕ್ ಕಿರಣಗಳು, ಅಂದರೆ ಬಾಹ್ಯಾಕಾಶದಿಂದ ಭಾರಿ ವೇಗದಲ್ಲಿ ಬರೋ ಕಣಗಳು, ವಾಯುಮಂಡಲಕ್ಕೆ ಬಡಿದಾಗ ಹುಟ್ಟೋ ಕಣ ಅದು. ಮೊಬೈಲ್ ಆನ್ ಆಗಿದೆಯೋ ಆಫ್ ಆಗಿದೆಯೋ ಅದು ಕೇಳಲ್ಲ.

ಈ ಭಯದ ತಮ್ಮ ಒಬ್ಬ ಇದ್ದಾನೆ: ಸೌರ ಬಿರುಗಾಳಿ ಬಂದರೆ ತಲೆನೋವು, ನಿದ್ದೆ ಬರಲ್ಲ, ಎದೆ ಡವಡವ. ಸೂರ್ಯ ಉಗುಳಿದ ಕಣಗಳ ಅಲೆ ಬಂದು ಭೂಮಿಯ ಕಾಂತಕ್ಷೇತ್ರವನ್ನು ಅಲ್ಲಾಡಿಸೋದೇ ಸೌರ ಬಿರುಗಾಳಿ. ಲೆಕ್ಕ ಹಾಕೋಣ. ಭೂಮಿಯ ಕಾಂತಕ್ಷೇತ್ರ ಸುಮಾರು 50 ಮೈಕ್ರೋಟೆಸ್ಲಾ (ಟೆಸ್ಲಾ ಕಾಂತಕ್ಷೇತ್ರದ ಅಳತೆ, ಮೈಕ್ರೋಟೆಸ್ಲಾ ಅದರ ಹತ್ತು ಲಕ್ಷದಲ್ಲೊಂದು ಪಾಲು). 2024ರ ಮೇ ತಿಂಗಳಲ್ಲಿ ಬಂದದ್ದು ಎರಡು ದಶಕಗಳಲ್ಲೇ ದೊಡ್ಡ ಬಿರುಗಾಳಿ. ಧ್ರುವಗಳಿಂದ ದೂರ ಇರೋ ಕಡೆ ಅದು ಈ ಕ್ಷೇತ್ರವನ್ನು ಅಲ್ಲಾಡಿಸಿದ್ದು ಶೇ 1ರ ಆಸುಪಾಸು, ಅಷ್ಟೇ. ಎಂಆರ್‌ಐ ಯಂತ್ರದ್ದು 1.5 ಟೆಸ್ಲಾ, ಅಂದರೆ ಭೂಮಿಯ 30 ಸಾವಿರ ಪಟ್ಟು. ಅದರೊಳಗೆ ಅರ್ಧ ಗಂಟೆ ಮಲಗಿ ಎದ್ದು ಬರ್ತೀವಿ. ತಲೆನೋವು ಬಂದರೂ ಆ ಯಂತ್ರದ ಗದ್ದಲಕ್ಕೆ ಬಂದಿರುತ್ತೆ.

ಬಿರುಗಾಳಿಗೂ ಹೃದಯಬಡಿತದ ಏರಿಳಿತಕ್ಕೂ ನಂಟು ಹುಡುಕಿರೋ ಅಧ್ಯಯನಗಳು ಇವೆ, ಇಲ್ಲ ಅನ್ನಲ್ಲ. ಆದರೆ ಎರಡು ಒಟ್ಟಿಗೆ ಕಂಡ ಮಾತ್ರಕ್ಕೆ ಒಂದರಿಂದಲೇ ಇನ್ನೊಂದು ಆಯ್ತು ಅನ್ನೋಕಾಗಲ್ಲ. ಎದೆಬಡಿತ ಏರುಪೇರಾದರೆ ಸೂರ್ಯನನ್ನು ಬೈಯ್ಯೋದು ಬಿಟ್ಟು ಡಾಕ್ಟರ ಹತ್ತಿರ ಹೋಗಿ.

ಬಿರುಗಾಳಿಗೆ ಸಿಕ್ಕಿಬೀಳೋದು ಉದ್ದುದ್ದ ತಂತಿಗಳು. ಕಾಂತಕ್ಷೇತ್ರ ಅಲ್ಲಾಡಿದರೆ ನೂರಾರು ಕಿಲೋಮೀಟರ್ ಲೈನುಗಳಲ್ಲಿ ಬೇಡದ ಕರೆಂಟ್ ಹರಿಯುತ್ತೆ. ನಾವ್ಯಾರೂ ಅಷ್ಟು ಉದ್ದ ಬೆಳೆದಿಲ್ಲ. 1989ರ ಮಾರ್ಚ್ 13ರಂದು ಕೆನಡಾದ ಕ್ವಿಬೆಕ್‌ನಲ್ಲಿ ಸುಮಾರು 60 ಲಕ್ಷ ಜನಕ್ಕೆ 9 ಗಂಟೆ ಕರೆಂಟ್ ಇರಲಿಲ್ಲ. ಆರೋಗ್ಯದ ಚಿಂತೆ ಮಾಡೋದಾದರೆ ಇಲ್ಲಿ ಮಾಡಿ: ವೆಂಟಿಲೇಟರ್, ಡಯಾಲಿಸಿಸ್, ಲಸಿಕೆ ಇಡೋ ಫ್ರಿಜ್, ಎಲ್ಲಾ ನಡೆಯೋದು ಆ ತಂತಿಗಳ ಮೇಲೇ.

ನೇರವಾಗಿ ಮೈಗೆ ಅಪಾಯ ಅಂದರೆ ಗಗನಯಾತ್ರಿಗಳಿಗೆ. ನಮ್ಮ ತಲೆ ಮೇಲಿರೋ ಗಾಳಿಯ ಒಟ್ಟು ತೂಕ 10 ಮೀಟರ್ ಆಳದ ನೀರಿಗೆ ಸಮ. ಅವರಿಗೆ ಆ ರಕ್ಷಣೆ ಇಲ್ಲ. 1972ರ ಆಗಸ್ಟ್‌ನಲ್ಲಿ ಸೂರ್ಯ ಭಾರಿ ಪ್ರಮಾಣದಲ್ಲಿ ಪ್ರೋಟಾನ್‌ಗಳನ್ನು ಎರಚಿದ. ಅಪೊಲೊ 16 ಏಪ್ರಿಲ್‌ನಲ್ಲೇ ವಾಪಸಾಗಿತ್ತು, ಅಪೊಲೊ 17 ಹೊರಟಿದ್ದು ಡಿಸೆಂಬರ್‌ನಲ್ಲಿ. ನಡುವೆ ಚಂದ್ರನ ಮೇಲೆ ಯಾರೂ ಇರಲಿಲ್ಲ. ಶುದ್ಧ ಅದೃಷ್ಟ.

ನನಗೆ ಸಿಟ್ಟು ಬರೋದು ಇನ್ನೊಂದಕ್ಕೆ. ಸೂರ್ಯ ನಿಜವಾಗಿ ನಮ್ಮ ಡಿಎನ್‌ಎ ಕೆಡಿಸೋದು ಯಾವ ಬಿರುಗಾಳಿಯೂ ಇಲ್ಲದ ಮಾಮೂಲಿ ಮಧ್ಯಾಹ್ನದಲ್ಲಿ, ನೇರಳಾತೀತ ಕಿರಣಗಳಿಂದ. ಚರ್ಮದ ಕೋಶದ ಡಿಎನ್‌ಎಯಲ್ಲಿ ಅಕ್ಕಪಕ್ಕದ ಥೈಮಿನ್‌ಗಳು (ಡಿಎನ್‌ಎಯ ನಾಲ್ಕು 'ಅಕ್ಷರ'ಗಳಲ್ಲಿ ಒಂದು) ಒಂದಕ್ಕೊಂದು ಅಂಟಿಕೊಂಡುಬಿಡ್ತವೆ. ಕೋಶ ಬಹುಪಾಲು ರಿಪೇರಿ ಮಾಡಿಕೊಳ್ಳುತ್ತೆ, ಉಳಿದ ತಪ್ಪುಗಳು ಕ್ಯಾನ್ಸರ್‌ಗೆ ದಾರಿ ಮಾಡಬಹುದು. ಇದರ ಬಗ್ಗೆ ಯಾರಿಗೂ ಗಾಬರಿಯಿಲ್ಲ! ನೇರಳಾತೀತ ಕಿರಣಗಳ ತೀವ್ರತೆ ಅಳೆಯೋ ಯುವಿ ಇಂಡೆಕ್ಸ್ 3 ಮುಟ್ಟಿದರೆ ನೆರಳು, ಟೋಪಿ, ಸನ್‌ಸ್ಕ್ರೀನ್ ಬೇಕು ಅಂತ ವಿಶ್ವ ಆರೋಗ್ಯ ಸಂಸ್ಥೆಯೇ ಹೇಳುತ್ತೆ. ನಿಮ್ಮ ಹವಾಮಾನ ಆ್ಯಪ್‌ನಲ್ಲಿ ಆ ಅಂಕಿ ಇರಬಹುದು, ಒಮ್ಮೆ ತೆಗೆದು ನೋಡಿ.