ಹಳೆಯ ರೇಸ್ ಕಪ್: ಅಪ್ಪಟ ಬೆಳ್ಳಿಯೋ, ಬರೀ ಲೇಪವೋ?

[ದೃಶ್ಯ: ಎರಡು ಹಿಡಿಯ ಕಪ್, ಮುಚ್ಚಳದ ಮೇಲೆ ಕುದುರೆ]

ನಮಸ್ಕಾರ. ಇಂಗ್ಲೆಂಡಿನ ಹಳೆಯ ರೇಸ್ ಕಪ್ ಎದುರಿಗಿಟ್ಟರೆ ಎಲ್ಲರೂ ಮೊದಲು ನೋಡುವುದು ಮುಚ್ಚಳದ ಮೇಲಿನ ಕುದುರೆಯನ್ನು. ಅದು ಇರಲಿ. ಕಪ್ಪನ್ನು ಮರದ ಪೀಠದಿಂದ ಬಿಡಿಸಿ, ಬಾಯಂಚಿನ ಕೆಳಗೂ ತಳದಲ್ಲೂ ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಭೂತಗನ್ನಡಿ ಹಿಡಿಯಿರಿ. ನಮಗೆ ಬೇಕಾದದ್ದು ಸಾಲಾಗಿ ಒತ್ತಿದ ಸಣ್ಣ ಮುದ್ರೆಗಳು.

[ದೃಶ್ಯ: ಮುದ್ರೆಗಳ ಸಾಲು, ಒಂದೊಂದಾಗಿ ಬೆಳಗುತ್ತದೆ]

ನಡೆಯುತ್ತಿರುವ ಸಿಂಹ ಇದ್ದರೆ ಸ್ಟರ್ಲಿಂಗ್. ಅಂದರೆ ಸಾವಿರಕ್ಕೆ 925 ಪಾಲು ಬೆಳ್ಳಿ. ಉಳಿದದ್ದು ಹೆಚ್ಚಾಗಿ ತಾಮ್ರ. ಪಕ್ಕದಲ್ಲಿ ಊರಿನ ಗುರುತು: ಚಿರತೆಯ ಮುಖ ಲಂಡನ್, ಲಂಗರು ಬರ್ಮಿಂಗ್‌ಹ್ಯಾಮ್, ಹಳೆಯ ಕಪ್ಪುಗಳಲ್ಲಿ ಕಿರೀಟ ಶೆಫೀಲ್ಡ್. ರಾಜನದೋ ರಾಣಿಯದೋ ತಲೆ ಕಂಡರೆ ಅದು ಸಾಮಾನ್ಯವಾಗಿ ಸುಂಕ ಕಟ್ಟಿದ ಗುರುತು. 1784ರಿಂದ 1890ರವರೆಗೆ ಮಾತ್ರ ಒತ್ತುತ್ತಿದ್ದರು. ಹಾಗಾಗಿ ಕಾಲ ಗೊತ್ತುಮಾಡಲು ಅದೊಂದೇ ಅರ್ಧ ಕೆಲಸ ಮಾಡಿಕೊಡುತ್ತದೆ.

ಇನ್ನುಳಿದದ್ದು ವರ್ಷದ ಅಕ್ಷರ, ಅಂದರೆ ಮುದ್ರೆ ಒತ್ತಿದ ವರ್ಷವನ್ನು ಹೇಳುವ ಒಂದು ಇಂಗ್ಲಿಷ್ ಅಕ್ಷರ. ಹೆಚ್ಚಿನವರು ಎಡವುವುದು ಇಲ್ಲೇ. ಲಂಡನ್ನಿನಲ್ಲಿ ಇಪ್ಪತ್ತು ಅಕ್ಷರಗಳ ಸುತ್ತು; 1876ಕ್ಕೂ 'ಎ', 1896ಕ್ಕೂ 'ಎ'. ಅಕ್ಷರದ ಬರವಣಿಗೆಯ ಶೈಲಿ ಮತ್ತು ಅದರ ಸುತ್ತಲಿನ ಚೌಕಟ್ಟಿನ ಆಕಾರ ಎರಡನ್ನೂ ವರ್ಷದ ಅಕ್ಷರಗಳ ಪಟ್ಟಿಯ ಜೊತೆ ಹೋಲಿಸಬೇಕು. ಆಗ ಅಕ್ಷರ ಬದಲಾಗುತ್ತಿದ್ದದ್ದು ಮೇ ತಿಂಗಳಲ್ಲಿ, ಆದ್ದರಿಂದ ಒಂದು ಅಕ್ಷರಕ್ಕೆ ಎರಡು ವರ್ಷದ ಪಾಲು ಸೇರುತ್ತದೆ.

'ಇಪಿಎನ್‌ಎಸ್' ಎಂದಿದ್ದರೆ ನಿಕ್ಕಲ್ ಮಿಶ್ರಲೋಹದ ಮೇಲೆ ವಿದ್ಯುತ್ತಿನಿಂದ ಕೂರಿಸಿದ ಬೆಳ್ಳಿ ಲೇಪ. ಆ ನಾಲ್ಕು ಅಕ್ಷರಗಳನ್ನು ಬೇರೆ ಬೇರೆ ಗುರಾಣಿಯೊಳಗೆ ಒತ್ತಿ, ದೂರದಿಂದ ಹಾಲ್‌ಮಾರ್ಕಿನಂತೆಯೇ ಕಾಣುವ ಹಾಗೆ ಮಾಡುತ್ತಿದ್ದರು. ಜಾಣತನ ಅಲ್ಲವೇ!

ನಮ್ಮ ಕಡೆ ಸಿಗುವ ಕಪ್ಪುಗಳಿಗೆ ಈ ಲೆಕ್ಕ ಪೂರ್ತಿ ಹೊಂದುವುದಿಲ್ಲ. ಮದ್ರಾಸಿನ ಪಿ. ಓರ್ ಅಂಡ್ ಸನ್ಸ್, ಕಲ್ಕತ್ತಾದ ಹ್ಯಾಮಿಲ್ಟನ್ ಇಂಥ ಅಂಗಡಿಗಳ ಬೆಳ್ಳಿ ಸಾಮಾನಿನ ಮೇಲೆ ಇರುವುದು ಅಂಗಡಿಯ ಮುದ್ರೆ; ಇಂಗ್ಲೆಂಡಿನ ಪರೀಕ್ಷಾ ಕಚೇರಿಯ ಸಿಂಹ ಇರುವುದಿಲ್ಲ. ಸಿಂಹ ಇಲ್ಲ ಅಂತ ನಕಲಿ ಎಂದುಕೊಳ್ಳಬೇಡಿ.

[ದೃಶ್ಯ: ಕೆತ್ತನೆಯ ಮೇಲೆ ಓರೆಯಾಗಿ ಬೆಳಕು]

ಈಗ ಕೆತ್ತನೆ. ಯಾವ ರೇಸು, ಯಾವ ವರ್ಷ, ಗೆದ್ದ ಕುದುರೆ, ಮಾಲೀಕರ ಹೆಸರು. ರೇಸಿನ ವರ್ಷ ಮುದ್ರೆಯ ವರ್ಷದ ಆಸುಪಾಸಿನಲ್ಲೋ ಆಮೇಲೋ ಇರಬೇಕು. 1880ರ ಗೆಲುವನ್ನು 1896ರ ಕಪ್ಪಿನ ಮೇಲೆ ಕೆತ್ತಿದ್ದರೆ ಯಾಕೆ ಎಂದು ಕೇಳಲೇಬೇಕು. ಹಳೆಯ ಹೆಸರನ್ನು ಉಜ್ಜಿ ಅಳಿಸಿ ಹೊಸದು ಬರೆಸಿರುವುದೂ ಉಂಟು. ಒಳಗೊಂದು ಹೊರಗೊಂದು ಬೆರಳಿಟ್ಟು ಸವರಿ. ಅಳಿಸಿದ ಜಾಗ ತೆಳ್ಳಗೆ, ಸ್ವಲ್ಪ ತಗ್ಗಾಗಿ ಸಿಗುತ್ತದೆ. ಬಾಯಿಯ ಹಬೆ ಊದಿದರೆ ಹಳೆಯ ಗೀರಿನ ನೆರಳೂ ಕೆಲವೊಮ್ಮೆ ಕಾಣುತ್ತದೆ.

ಹಿಡಿಗಳ ಬುಡದಲ್ಲಿ ಮಂಕಾದ ಬೂದು ಕಲೆ ಕಂಡರೆ ಸೀಸದ ಬೆಸುಗೆ. ಅದರ ಮೇಲೆ ಜ್ವಾಲೆ ಹಿಡಿದರೆ ಸೀಸ ಬೆಳ್ಳಿಯನ್ನೇ ತಿಂದು ತೂತು ಮಾಡುತ್ತದೆ. ಊರಿನ ಅಕ್ಕಸಾಲಿಗೆ ಕೊಡುವ ಮುನ್ನ ಇದನ್ನು ಹೇಳಿಯೇ ಕೊಡಿ. ಮುಚ್ಚಳಕ್ಕೂ ಅದರದೇ ಮುದ್ರೆ ಇರಬೇಕು. ಇಲ್ಲದಿದ್ದರೆ, ಅಥವಾ ವರ್ಷದ ಅಕ್ಷರ ಬೇರೆಯಾಗಿದ್ದರೆ, ಬೇರೆ ಕಪ್ಪಿನ ಮುಚ್ಚಳ ತಂದು ಕೂರಿಸಿರಬಹುದು.

ತೂಕ ನೋಡಿ ಬೆಲೆ ಕಟ್ಟುವವರು ತಳವನ್ನು ಕುಟ್ಟಿ ನೋಡಲಿ. ಕೆಲವು ಕಪ್ಪುಗಳ ಪಾದದೊಳಗೆ ಭಾರಕ್ಕಾಗಿ ಅರಗು ತುಂಬಿರುತ್ತದೆ, ಅದೂ ತಕ್ಕಡಿಯಲ್ಲಿ ಬೆಳ್ಳಿಯಾಗಿಬಿಡುತ್ತದೆ. ತಳದಲ್ಲಿ ಸಣ್ಣದಾಗಿ ಗೀಚಿದ ಅಂಕಿ ಸಿಕ್ಕರೆ ಅದು ಮೊದಲಿನ ತೂಕ, ಟ್ರಾಯ್ ಔನ್ಸಿನಲ್ಲಿ. ಒಂದು ಔನ್ಸ್ 31.1 ಗ್ರಾಂ. ಈಗಿನ ತೂಕ ಅದಕ್ಕಿಂತ ಹೆಚ್ಚಿದ್ದರೆ ಆಮೇಲೆ ಏನೋ ಸೇರಿಸಿದ್ದಾರೆ.

[ದೃಶ್ಯ: ಕಪ್ಪು ಕಟ್ಟಿದ ಹಿಡಿ, ಹತ್ತಿ, ಬಟ್ಟಲು]

ತೊಳೆಯುವ ವಿಷಯ. ಬೆಳ್ಳಿಗೆ ಕಪ್ಪು ಕಟ್ಟುವುದು ಗಾಳಿಯ ಗಂಧಕದಿಂದ. ದೀಪ ಉಜ್ಜುವ ವಿಭೂತಿ, ಹಲ್ಲಿನ ಪೇಸ್ಟು, ಹುಣಸೆಹಣ್ಣು ಯಾವುದೂ ಇಲ್ಲಿಗೆ ಬೇಡ. ಉಜ್ಜಿದಷ್ಟೂ ಕೆತ್ತನೆ ಮಾಸುತ್ತದೆ, ಮುದ್ರೆ ಅಳಿಸುತ್ತದೆ. ಅಲ್ಯುಮಿನಿಯಂ ಹಾಳೆ, ಅಡುಗೆ ಸೋಡಾ, ಬಿಸಿನೀರಿನ ಉಪಾಯವೂ ಬೇಡ: ಕೆತ್ತನೆಯ ಗೀರಿನೊಳಗಿನ ಕಪ್ಪೆಲ್ಲ ಹೋಗಿ ಕುದುರೆಯ ಚಿತ್ರ ಚಪ್ಪಟೆಯಾಗಿ ಕಾಣುತ್ತದೆ, ಬಿಸಿಗೆ ಪಾದದ ಅರಗೂ ಮೆತ್ತಗಾಗುತ್ತದೆ. ಉಗುರುಬೆಚ್ಚಗಿನ ನೀರಿಗೆ ಎರಡು ಹನಿ ಸೋಪು, ಮೆತ್ತನೆಯ ಹತ್ತಿ, ಸಾಕು. ಮರದ ಪೀಠಕ್ಕೆ ನೀರು ತಾಗಿಸಬೇಡಿ. ತಕ್ಷಣ ಒರೆಸಿ, ಸಂದಿಗಳ ನೀರನ್ನು ತಣ್ಣನೆ ಗಾಳಿಯ ಡ್ರೈಯರ್‌ನಿಂದ ಆರಿಸಿ.

ಎತ್ತಿಡುವಾಗ ದಿನಪತ್ರಿಕೆಯಾಗಲಿ ಉಣ್ಣೆ ಬಟ್ಟೆಯಾಗಲಿ ಸುತ್ತಬೇಡಿ. ಆಮ್ಲವಿಲ್ಲದ ತೆಳು ಕಾಗದ, ಜೊತೆಗೊಂದು ಸಿಲಿಕಾ ಜೆಲ್ ಪೊಟ್ಟಣ ಇರಲಿ. ರಬ್ಬರ್ ಬ್ಯಾಂಡಂತೂ ಹಾಕಲೇಬೇಡಿ, ಕಾಗದದ ಮೇಲಿನಿಂದಲೂ ಬೆಳ್ಳಿಗೆ ಕಪ್ಪು ಗೆರೆ ಬೀಳುತ್ತದೆ.