ಜುಬೀನ್ ದನಿ ಉಳಿದ ಸಿನಿಮಾ

ಕೇಳುಗರಿಗೆ ನಮಸ್ಕಾರ.

ಇವತ್ತು ಅಸ್ಸಾಮಿ ಭಾಷೆಯ ಒಂದು ಪ್ರೇಮಕಥೆಯ ಸಿನಿಮಾ ಬಗ್ಗೆ ಮಾತಾಡೋಣ. ಹೆಸರು ‘ರೊಯ್ ರೊಯ್ ಬಿನಾಲೆ’. ನಿರ್ದೇಶಕರು ರಾಜೇಶ್ ಭುಯಾನ್. 2025ರ ಅಕ್ಟೋಬರ್ 31ರಂದು ತೆರೆಗೆ ಬಂತು. ಕಥೆ, ಸಂಗೀತ, ನಾಯಕನ ಪಾತ್ರ ಎಲ್ಲ ಅಸ್ಸಾಮಿನ ಗಾಯಕ ಜುಬೀನ್ ಗರ್ಗ್ ಅವರದೇ. ಆದರೆ ಸಿನಿಮಾ ಬರುವಷ್ಟರಲ್ಲಿ ಅವರೇ ಇರಲಿಲ್ಲ.

ನಮ್ಮಲ್ಲಿ ಜಾಸ್ತಿ ಜನಕ್ಕೆ ಜುಬೀನ್ ಗೊತ್ತಿರುವುದು 2006ರ ಹಿಂದಿ ಹಾಡು ‘ಯಾ ಅಲಿ’ಯಿಂದ. ಅಸ್ಸಾಮಿನವರ ಮುಂದೆ ಇಷ್ಟೇ ಹೇಳಿದರೆ ಬೇಜಾರು ಮಾಡಿಕೊಂಡಾರು! ಅಲ್ಲಿ 1992ರಲ್ಲಿ ‘ಅನಾಮಿಕಾ’ ಕ್ಯಾಸೆಟ್ ಬಂದಾಗಿನಿಂದ ಅವರು ಮನೆಮಾತು. ಏಪ್ರಿಲ್ ತಿಂಗಳ ಬಿಹು ಹಬ್ಬದಲ್ಲಿ ಊರೂರಿನ ವೇದಿಕೆ ಮೇಲೆ ತಡರಾತ್ರಿವರೆಗೆ ಹಾಡಿ ಪಳಗಿದ ಗಂಟಲು ಅದು. ಮುಂಬೈಯಲ್ಲಿ ಹೆಸರು ಮಾಡಿದ ಮೇಲೂ ವಾಪಸ್ ಗುವಾಹಟಿಗೇ ಬಂದರು.

ಹಾಡು ಕಟ್ಟುವವರೇ ಸಿನಿಮಾ ಮಾಡುವುದು ಅಸ್ಸಾಮಿನಲ್ಲಿ ಹಳೆಯ ರೂಢಿ. 1935ರಲ್ಲಿ ಅಲ್ಲಿನ ಮೊದಲ ಸಿನಿಮಾ ‘ಜೊಯ್‌ಮೊತಿ’ ಮಾಡಿದ ಜ್ಯೋತಿಪ್ರಸಾದ್ ಅಗರ್‌ವಾಲಾ ಕವಿ, ಸಂಗೀತಗಾರ. ಅವರ ಎರಡನೇ ಚಿತ್ರದಲ್ಲಿ ಹಾಡಿದ ಹುಡುಗ ಭೂಪೇನ್ ಹಜಾರಿಕಾ. ಆ ಹುಡುಗ ದೊಡ್ಡವನಾಗಿ 1956ರಲ್ಲಿ ತಾನೇ ನಿರ್ದೇಶಕನಾದ. ಜುಬೀನ್ ಕೂಡ 2000ದಲ್ಲೇ ಒಂದು ಚಿತ್ರ ನಿರ್ದೇಶಿಸಿದ್ದರು. ಹಾಗಾಗಿ ಅಲ್ಲಿನ ಪ್ರೇಮಕಥೆಗಳಲ್ಲಿ ಹಾಡು ಮೊದಲು ಹುಟ್ಟಿ, ಕಥೆ ಅದರ ಹಿಂದೆ ಬಂತೇನೋ ಅನ್ನಿಸಿದರೆ ಆಶ್ಚರ್ಯ ಇಲ್ಲ, ಅಲ್ವಾ?

ಈ ಕೊನೆಯ ಚಿತ್ರದಲ್ಲಿ ಜುಬೀನ್ ಕಣ್ಣು ಕಾಣದ ಹಾಡುಗಾರ. ಅವನ ಪ್ರೀತಿ, ಅವನ ಸಂಗೀತ, ಇದೇ ಕಥೆ. ಚಿತ್ರೀಕರಣ ಮುಗಿದಿತ್ತು. ಹಾಡುಗಳೂ ಸಿದ್ಧವಾಗಿದ್ದವು. ಹಿನ್ನೆಲೆ ಸಂಗೀತ ಬಾಕಿ ಇತ್ತು. ಡಬ್ಬಿಂಗ್ ಆಗಿರಲಿಲ್ಲ. ಅಷ್ಟರಲ್ಲಿ, ಸೆಪ್ಟೆಂಬರ್ 19ರಂದು, ಕಾರ್ಯಕ್ರಮಕ್ಕೆಂದು ಸಿಂಗಪುರಕ್ಕೆ ಹೋಗಿದ್ದ ಅವರು ಅಲ್ಲಿನ ಸಮುದ್ರದಲ್ಲಿ ಈಜಲು ಹೋದಾಗ ತೀರಿಕೊಂಡರು. ವಯಸ್ಸು 52.

ಈಗ ಪಾತ್ರಕ್ಕೆ ಮಾತು ಕೊಡುವವರು ಯಾರು? ನಮಗೂ ಈ ಕಷ್ಟ ಗೊತ್ತು. ಪುನೀತ್ ರಾಜ್‌ಕುಮಾರ್ ಅವರ ‘ಜೇಮ್ಸ್’ಗೆ ಅಣ್ಣ ಶಿವಣ್ಣ ದನಿ ಕೊಟ್ಟಿದ್ದರು. ಇಲ್ಲಿ ಬೇರೆ ದಾರಿ ಸಿಕ್ಕಿತು. ಚಿತ್ರೀಕರಣದ ವೇಳೆ ಜುಬೀನ್ ಅಂಗಿಗೆ ಸಿಕ್ಕಿಸಿದ್ದ ಪುಟ್ಟ ಮೈಕು ಅವರ ಮಾತನ್ನು ಹಿಡಿದಿಟ್ಟಿತ್ತು. ಆಮೇಲೆ ಡಬ್ಬಿಂಗ್ ಮಾಡುವ ಚಿತ್ರಗಳಲ್ಲಿ ಸಾಮಾನ್ಯವಾಗಿ ಇಂಥ ದನಿಯನ್ನು ಗುರುತಿಗೆ ಇಟ್ಟುಕೊಂಡು ಕೊನೆಗೆ ಬಿಟ್ಟುಬಿಡುತ್ತಾರೆ. ಈ ತಂಡ ಅದನ್ನೇ ಶುಚಿಮಾಡಿ ಬಳಸಿತು. ಡಬ್ಬಿಂಗ್ ಕೋಣೆಯಲ್ಲಿ ಕೂತು ಹೇಳಿದ ಮಾತಿಗೆ ಒಂದು ನುಣುಪು ಇರುತ್ತದೆ. ನಟಿಸುವಾಗಲೇ ಬಂದ ಮಾತಿಗೆ ಆ ನುಣುಪು ಇರುವುದಿಲ್ಲ, ಉಸಿರು ಜೊತೆಗಿರುತ್ತದೆ. ಸುಮ್ನೆ ಹೇಳುವುದಲ್ಲ, ಕಣ್ಣಿಲ್ಲದ ಪಾತ್ರಕ್ಕೆ ನನಗೆ ಈ ಎರಡನೆಯದೇ ಸರಿ.

ಜುಬೀನ್ ಹಾಡುಗಳನ್ನು ಕೇಳಬೇಕು ಅನ್ನಿಸಿದವರು 2001ರ ‘ದಾಗ್’ ಚಿತ್ರದ ‘ಮಾಯಾಬಿನಿ ರಾತಿರ್ ಬುಕುತ್’ನಿಂದ ಶುರುಮಾಡಿ. ರಾತ್ರಿಯ ಪ್ರೇಮಗೀತೆ ಅದು. ತಾನು ಸತ್ತರೆ ಅಸ್ಸಾಮಿನವರೆಲ್ಲ ಇದನ್ನೇ ಹಾಡಬೇಕು ಅಂತ ಜುಬೀನ್ ಹಿಂದೆಯೇ ಹೇಳಿದ್ದರು. ಜನ ಹಾಗೇ ಮಾಡಿದರು. ಸೆಪ್ಟೆಂಬರ್ 23ರಂದು ಗುವಾಹಟಿ ಹತ್ತಿರದ ಸೋನಾಪುರದಲ್ಲಿ ಸರ್ಕಾರಿ ಗೌರವದ ಅಂತ್ಯಕ್ರಿಯೆ ನಡೆದಾಗ ಆ ಗುಂಪಿನ ಬಾಯಲ್ಲಿ ಇದೇ ಪ್ರೇಮಗೀತೆ.

ಐದು ವಾರ ಕಳೆದು ಸಿನಿಮಾ ಬಂತು. ಬೆಳಕು ಹರಿಯುವ ಮೊದಲೇ ಪ್ರದರ್ಶನ ಶುರುವಾಯಿತು. ಮುಚ್ಚಿದ್ದ ಚಿತ್ರಮಂದಿರಗಳೂ ಇದಕ್ಕಾಗಿ ಬಾಗಿಲು ತೆರೆದವು. ಟಿಕೆಟ್ ಮೇಲಿನ ಜಿಎಸ್‌ಟಿಯಲ್ಲಿ ತನಗೆ ಬರುವ ಪಾಲನ್ನು ಅಸ್ಸಾಂ ಸರ್ಕಾರ ಕಲಾಗುರು ಆರ್ಟಿಸ್ಟ್ ಫೌಂಡೇಶನ್‌ಗೆ ಕೊಡುವುದಾಗಿ ಹೇಳಿತು. ಅದು ಜುಬೀನ್ ಕಟ್ಟಿದ ಸಂಸ್ಥೆ. ನೆರೆ ಬಂದಾಗ ಸಂತ್ರಸ್ತರ ನೆರವಿಗೆ ಹೋಗುತ್ತಿದ್ದದ್ದು ಅದೇ.

ನಮಸ್ಕಾರ.